ವರದಿಯಲ್ಲಿದ್ದ ಊರು

ಫಿಲಡೆಲ್ಫಿಯಾ ಅಂದರೆ ಏನು ಎಂದು ನನ್ನನ್ನು ಕೇಳದೆ ಬಿಟ್ಟ ರೋಗಿ ಕಡಿಮೆ. ಹೊಸೂರಿನ ಒಂದು ಆಸ್ಪತ್ರೆಯಲ್ಲಿ, ರಕ್ತದ ಕ್ಯಾನ್ಸರ್ ಇರುವವರಿಗೆಂದು ಗುರುವಾರ ಗುರುವಾರ ನಡೆಯುವ ಕ್ಲಿನಿಕ್ಕಿನಲ್ಲಿ ನಾನು ಸಲಹೆಗಾರ್ತಿ. ಬೆಂಗಳೂರಿನಿಂದ ಬರುವ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ರೋಗಿಗೆ ಬಿಡಿಸಿ ಹೇಳುವುದು, ತಿಂಗಳ ಮಾತ್ರೆ ಕೊಡುವುದು, ನುಂಗಿದ ಮಾತ್ರೆಯ ಲೆಕ್ಕ ತೆಗೆದುಕೊಳ್ಳುವುದು ನನ್ನ ಕೆಲಸ. ರೋಗಿಗಳ ರಕ್ತದ ವರದಿಯ ಕೊನೆಯ ಸಾಲಿನಲ್ಲಿ, ಇಂಗ್ಲಿಷಿನ ದಪ್ಪ ಅಕ್ಷರದಲ್ಲಿ, ಆ ಹೆಸರು ಇರುತ್ತದೆ. ಅದರ ಮುಂದೆ ‘ಪಾಸಿಟಿವ್’ ಎಂದಿರುತ್ತದೆ.

ಮತ್ತಿಗಿರಿಯ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು, ರಕ್ತ ಪರೀಕ್ಷೆಗೆ ಹೋದ ಊರು ಅದು ಎಂದುಕೊಂಡಿದ್ದರು. “ಅಷ್ಟು ದೂರ ಕಳ್ಸೋ ಬದ್ಲು ಬೆಂಗಳೂರಲ್ಲೇ ಮಾಡಿಸ್ಬಹುದಿತ್ತಲ್ಲ ಮೇಡಂ” ಎಂದರು. ಅವಲಪಲ್ಲಿಯ ನಿವೃತ್ತ ಮೇಷ್ಟ್ರು ಅದು ಅಮೆರಿಕದ ಹಳೆಯ ರಾಜಧಾನಿ, ಅಲ್ಲಿ ಸೀಳುಬಿಟ್ಟ ದೊಡ್ಡ ಗಂಟೆಯೊಂದಿದೆ ಎಂದು ನನಗೇ ಪಾಠ ಹೇಳಿದರು. ಒಬ್ಬ ಕ್ರೈಸ್ತ ಹೆಂಗಸು ವರದಿಯನ್ನು ಕಣ್ಣಿಗೊತ್ತಿಕೊಂಡರು. ಅವರು ಭಾನುವಾರ ಹೋಗುವ ಪ್ರಾರ್ಥನಾ ಮಂದಿರಕ್ಕೆ ಅದೇ ಹೆಸರು; ಒಡಹುಟ್ಟಿದವರ ಪ್ರೀತಿ ಎಂದು ಅದರ ಅರ್ಥವಂತೆ. ಇನ್ನೊಬ್ಬ ಮುದುಕರು ಸಿಟ್ಟಾದರು: “ನಾನು ಡೆಂಕಣಿಕೋಟೆ ದಾಟಿ ಆಚೆ ಹೋದೋನಲ್ಲ. ಅಮೆರಿಕದ್ ರೋಗ ನನ್ನ ಎಂಗ್ ಹುಡ್ಕೊಂಡು ಬಂತಮ್ಮ?”

ನಿಜವಾದ ಉತ್ತರ ಅಷ್ಟೇನೂ ಕಷ್ಟದ್ದಲ್ಲ. ನಮ್ಮ ಜೀವಕೋಶದೊಳಗೆ ದಾರದ ತುಂಡುಗಳಂಥ ವರ್ಣತಂತುಗಳಿವೆ. ಈ ರೋಗದಲ್ಲಿ ಎರಡು ತಂತುಗಳು ಮುರಿದು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅವುಗಳಲ್ಲೊಂದು ಗಿಡ್ಡವಾಗುತ್ತದೆ. ಆ ಗಿಡ್ಡ ತಂತುವನ್ನು ಮೊದಲು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಆ ಊರಿನಲ್ಲಿ, ಆದ್ದರಿಂದ ಆ ಹೆಸರು. ಬಿಳಿ ರಕ್ತಕಣಗಳು ಅಂಕೆ ಮೀರಿ ಹುಟ್ಟುವುದಕ್ಕೆ ಅದೇ ಕಾರಣ. ನಾವು ಕೊಡುವ ಮಾತ್ರೆ ಕಟ್ಟಿಹಾಕುವುದೂ ಅದನ್ನೇ. ಅದಿಲ್ಲದ ರಕ್ತದ ಕ್ಯಾನ್ಸರಿಗೆ ಈ ಮಾತ್ರೆ ಯಾವ ಕೆಲಸಕ್ಕೂ ಬಾರದು.

ಇಷ್ಟನ್ನು ನಾನು ಮೊದಮೊದಲು ಹೇಳುತ್ತಿದ್ದೆ. ಹೇಳಿದಷ್ಟೂ ಪ್ರಶ್ನೆ ಬೆಳೆಯುತ್ತಿತ್ತು, ಹೊರಗೆ ಸಾಲು ಬೆಳೆಯುತ್ತಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಕೊನೆಗೆ ಒಂದೇ ಮಾತಿಗೆ ಇಳಿಸಿಕೊಂಡೆ: “ಅದು ಯಾವುದೋ ಊರಿನ ಹೆಸರು, ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ. ದಿನಾ ಒಂದು ಮಾತ್ರೆ ತಪ್ಪದೆ ನುಂಗಿ.” ಸಾಲು ಬೇಗ ಕರಗಿತು. ಕೆಲಸ ಕಲಿತೆ ಎಂದುಕೊಂಡೆ.

ಜವಳಗಿರಿ ಕಡೆಯಿಂದ ಬರುತ್ತಿದ್ದ ಹೆಂಗಸಿಗೂ ಹೇಳಿದ್ದು ಅಷ್ಟೇ. ನಲವತ್ತೈದರ ಆಸುಪಾಸು, ಗಂಡ ಹೆಂಡತಿ ಇಬ್ಬರೂ ಹೊಲದಲ್ಲಿ ದುಡಿಯುವವರು, ರಾಗಿ ಮತ್ತು ಟೊಮೆಟೊ ಬೆಳೆ. ಮೊದಲ ಸಲ ಬಂದಾಗ ಎಡಗಡೆ ಹೊಟ್ಟೆ ಊದಿ ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಮಾತ್ರೆ ಶುರುವಾಗಿ ಮೂರು ತಿಂಗಳಲ್ಲಿ ಹೊಟ್ಟೆ ಇಳಿಯಿತು, ಆರು ತಿಂಗಳಲ್ಲಿ ಕಳೆ ಕೀಳಲು ಹೋದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಮೇಡಮ್ಮ. ಆನೆಗಳು ರಸ್ತೆಗೆ ಬಂದ ದಿನ ಬಸ್ಸು ತಡವಾಗುತ್ತಿತ್ತೇ ಹೊರತು ಎರಡು ವರ್ಷದಲ್ಲಿ ತಿಂಗಳಿಗೊಮ್ಮೆ ಬರಬೇಕಾದ ಒಂದು ಗುರುವಾರವನ್ನೂ ಅವರು ತಪ್ಪಿಸಿದವರಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಮಾತ್ರೆ ಒಂದು ಯೋಜನೆಯಡಿ ಬಿಟ್ಟಿಯಾಗಿ ಬರುತ್ತದೆ. ರೋಗಿ ಪ್ರತಿ ತಿಂಗಳು ಖಾಲಿ ಶೀಟುಗಳನ್ನು ವಾಪಸ್ಸು ತರಬೇಕು, ನಾನು ಎಣಿಸಬೇಕು, ಆಮೇಲೆ ಹೊಸ ಶೀಟು ಕೊಡಬೇಕು. ಮಾತ್ರೆಯನ್ನು ಬೇರೆಯವರಿಗೆ ಕೊಟ್ಟದ್ದು ಗೊತ್ತಾದರೆ ಹೆಸರು ತೆಗೆದುಹಾಕುತ್ತಾರೆ. ಅಕ್ಕ ತಿಂಗಳ ಮೂರೂ ಶೀಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಹೊಸ ರೋಗಿಗಳು ಅಳುತ್ತಾ ಕೂತರೆ ನಾನು ಅಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸುತ್ತಿದ್ದೆ. “ನೋಡಿ, ಈಯಮ್ಮನಿಗೂ ಬ್ಲಡ್ ಕ್ಯಾನ್ಸರೇ. ಮಾತ್ರೆಯಲ್ಲೇ ಹೇಗಿದ್ದಾರೆ ನೋಡಿ” ಎನ್ನುತ್ತಿದ್ದೆ. ಅಕ್ಕನೂ ಗಿಣಿಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದರು: “ಹೆದ್ರಬ್ಯಾಡ ಕಣಮ್ಮ. ಬ್ಲಡ್ ಕ್ಯಾನ್ಸರಾದ್ರೇನಂತೆ, ಒಂದ್ ಮಾತ್ರೆ ನುಂಗಿದ್ರೆ ಹೋಗ್ಬುಡ್ತದೆ.” ಆ ಪಾಠ ಹೇಳಿಕೊಟ್ಟವಳು ನಾನೇ.

ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ಆ ಗಿಡ್ಡ ತಂತುವಿನ ಸುಳಿವು ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ ಮಾಡಿಸುತ್ತೇವೆ. ಅಕ್ಕನದು ಪ್ರತಿ ಸಲವೂ ಇಳಿಯುತ್ತಾ ಬಂದಿತ್ತು. ಆ ಸಲ ಏರಿತ್ತು. ತುಸು ಏರಿದ್ದರೆ ಡಾಕ್ಟರು ಮತ್ತೊಮ್ಮೆ ನೋಡೋಣ ಎನ್ನುತ್ತಿದ್ದರು. ಅದು ತುಸು ಅಲ್ಲ.

“ಮೂರೇ ಕಾರಣ,” ಎಂದರು ಡಾಕ್ಟರು. “ಮಾತ್ರೆ ಸರಿಯಾಗಿ ತಗೊಂಡಿಲ್ಲ. ಇಲ್ಲಾ, ಬೇರೆ ಯಾವುದೋ ಔಷಧಿ ಇದನ್ನ ಕೆಡಿಸ್ತಿದೆ. ಇಲ್ಲಾ, ರೋಗ ವೇಷ ಬದಲಾಯಿಸಿದೆ. ಮೊದಲೆರಡನ್ನ ನೀವು ನೋಡಿ ಹೇಳಿ.”

ಅಕ್ಕನ ಗಂಡನ ಫೋನಿಗೆ ಮಾಡಿದೆ. ಕಾಡಿನಂಚಿನ ಊರು, ಸಿಗ್ನಲ್ ಬಂದರೆ ಬಂತು. ನಾಲ್ಕನೆಯ ಸಲಕ್ಕೆ ಸಿಕ್ಕಿತು, ಅಕ್ಕನೇ ಮಾತಾಡಿದರು. ಪಟ್ಟಿ ಹಿಡಿದು ಕೇಳಿದೆ. ವಾಂತಿಯಾಯಿತಾ? ಇಲ್ಲ. ನಾಟಿ ಔಷಧಿ? ಇಲ್ಲ. ಉಪವಾಸ, ಹರಕೆ? ಇಲ್ಲ. ಮಾತ್ರೆ ಮರೆತದ್ದುಂಟಾ?

“ಅಯ್ಯೋ ಮೇಡಮ್ಮ, ನಿಮ್ಗೆ ಶೀಟು ತಂದು ಕೊಟ್ಟಿವ್ನಲ್ಲ, ಎಣ್ಸಿ ನೋಡ್ಕಂಡ್ರಲ್ಲ.”

ಎಣಿಸಿದ್ದೆ. ಮೂರು ಶೀಟು, ಮೂವತ್ತು ಗುಳಿ, ಮೂವತ್ತೂ ಖಾಲಿ. ಡಾಕ್ಟರಿಗೆ ಅದನ್ನೇ ಹೇಳಿದೆ. ಹಾಗಾದರೆ ಮೂರನೆಯ ಕಾರಣವೇ ಎಂದು ಅವರು ಇನ್ನೊಂದು ಪರೀಕ್ಷೆಗೆ ಬರೆದರು. ಬೇರೆ ಮಾತ್ರೆಗೆ ಬದಲಾಯಿಸುವ ಕಾಗದವನ್ನೂ ಸಿದ್ಧ ಮಾಡಿದರು. ಆ ಎರಡನೆಯ ಮಾತ್ರೆ ಕೆಲವರಿಗೆ ಎದೆಗೂಡಿನಲ್ಲಿ ನೀರು ತುಂಬಿಸುತ್ತದೆ. ಸಿಗುವುದೂ ಅಷ್ಟು ಸಲೀಸಲ್ಲ. ಮೊದಲನೆಯದು ಸೋತಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು.

ನನಗೆ ಸಮಾಧಾನವಾಗಲಿಲ್ಲ. ಖಾಲಿ ಶೀಟುಗಳನ್ನು ಎರಡು ತಿಂಗಳು ಬೀರುವಿನಲ್ಲಿ ಇಟ್ಟಿರುತ್ತೇವೆ. ಅಕ್ಕನ ಕಟ್ಟು ಬಿಚ್ಚಿ ಮೇಜಿನ ಮೇಲೆ ಹರವಿದೆ. ಎರಡು ಇಡೀ ಶೀಟು. ಮೂರನೆಯದು ಅಡ್ಡಕ್ಕೆ ಕತ್ತರಿಸಿದ ಎರಡು ಅರ್ಧ. ಕತ್ತರಿಸಿದ್ದು ಯಾಕೆ? ಹೊರಳಿಸಿ ನೋಡಿದೆ. ಒಂದೂವರೆ ಶೀಟಿನಲ್ಲಿ ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಮಾತ್ರೆ ತೆಗೆದಿದ್ದರು, ಬೆಳ್ಳಿಕಾಗದ ಹೊರಕ್ಕೆ ಸಿಡಿದಿತ್ತು. ಅಕ್ಕ ಯಾವಾಗಲೂ ಹಾಗೇ ತೆಗೆಯುವುದು. ಉಳಿದ ಒಂದೂವರೆಯಲ್ಲಿ ಬೆಳ್ಳಿಕಾಗದವನ್ನು ಪಿನ್ನಿನಿಂದ ಸುತ್ತಲೂ ಸೀಳಿ ಮುಚ್ಚಳದಂತೆ ಎತ್ತಿದ್ದರು. ಅದು ಒತ್ತಲು ಶಕ್ತಿಯಿಲ್ಲದ ಬೆರಳಿನ ಕೆಲಸ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಎಣಿಸುವಾಗ ನಾನು ತೂತುಗಳನ್ನು ಎಣಿಸಿದ್ದೆ, ಕಣ್ಣಿಟ್ಟು ನೋಡಿರಲಿಲ್ಲ.

ಮಾರನೆಯ ದಿನ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿ ಬೆಳಗಿನ ಬಸ್ಸು ಹತ್ತಿದೆ. ಮತ್ತಿಗಿರಿ ದಾಟುವವರೆಗೂ ಸಿಟ್ಟು ಬರುತ್ತಲೇ ಇತ್ತು. ಯಾರಿಗೋ ಕೊಟ್ಟಿದ್ದಾರೆ, ನನ್ನ ಮುಖಕ್ಕೇ ಸುಳ್ಳು ಹೇಳಿದ್ದಾರೆ, ನಾನು ಹತ್ತು ಜನರೆದುರು ಹೊಗಳಿದ ಹೆಂಗಸು. ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತಾ ಹೋದೆ. ತಳಿಯಲ್ಲಿ ಬಸ್ಸು ಬದಲಾಯಿಸಿ, ಜವಳಗಿರಿಯಲ್ಲಿ ಇಳಿದು, ಕೇಳಿಕೊಂಡು ಒಂದೂವರೆ ಮೈಲಿ ನಡೆದೆ.

ಹಳೆಯ ಮನೆಯೊಂದನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಅಣ್ಣತಮ್ಮಂದಿರು ಭಾಗವಾದ ಮನೆ. ಅಕ್ಕ ಈ ಪಾಲಿನಲ್ಲಿ, ಆಕೆಯ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಆ ಪಾಲಿನಲ್ಲಿ. ಭಾಗದ ದಿನ ಒಂದು ರಾಗಿಕಲ್ಲಿಗಾಗಿ ಆಡಿದ ಜಗಳದಲ್ಲಿ ಇಬ್ಬರೂ ಒಂಬತ್ತು ವರ್ಷ ಮುಖ ನೋಡಿರಲಿಲ್ಲ ಎಂದು ಅಕ್ಕನೇ ಹಿಂದೆ ಕ್ಲಿನಿಕ್ಕಿನಲ್ಲಿ ನಗುತ್ತಾ ಹೇಳಿದ್ದರು. ಈಗ ಅಕ್ಕ ನನಗೆ ಸಿಕ್ಕಿದ್ದು ಓರಗಿತ್ತಿಯ ಪಾಲಿನಲ್ಲಿ. ಮಂಚದಲ್ಲಿ ಮಲಗಿದ್ದವಳಿಗೆ ಅಂಬಲಿ ಕುಡಿಸುತ್ತಿದ್ದರು.

ಮಲಗಿದ್ದವಳನ್ನು ನೋಡಿದ ಮೇಲೆ ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಮರೆತುಹೋಯಿತು. ಮೂವತ್ತೆಂಟು ವಯಸ್ಸಿರಬಹುದು. ತುಟಿ ಬಿಳಿಚಿತ್ತು, ವಸಡಿನಲ್ಲಿ ರಕ್ತ, ತೋಳಿನಲ್ಲಿ ಯಾರೂ ಹೊಡೆಯದೆ ಮೂಡಿದ ನೀಲಿ ಕಲೆಗಳು.

“ಬನ್ನಿ ಮೇಡಮ್ಮ,” ಎಂದರು ಅಕ್ಕ. ಅವರ ಮುಖದಲ್ಲಿ ಸಿಕ್ಕಿಬಿದ್ದವರ ಕಳೆ ಇರಲಿಲ್ಲ. “ನಾನೇ ಹೇಳ್ಬೇಕು ಅಂತಿದ್ದೆ. ಇವ್ಳಿಗೂ ನಂದೇ ಕಾಯ್ಲೆ. ಬ್ಲಡ್ ಕ್ಯಾನ್ಸರು. ಬೆಂಗ್ಳೂರ್ ಆಸ್ಪತ್ರೇಲಿ ಅಡ್ಮಿಟ್ ಆಗ್ಬೇಕು, ಕೂದ್ಲು ಉದುರ್ತದೆ, ತಿಂಗ್ಳಾನುಗಟ್ಲೆ ಇರ್ಬೇಕು ಅಂದ್ರಂತೆ. ಯಾಕಂಗೆ ಅನ್ಬೋಸ್ಬೇಕು, ನಂತಾವ ಮಾತ್ರೆ ಐತಲ್ಲ ಅಂತ ನಾನೇ ಬ್ಯಾಡ ಅಂದೆ. ದಿನ ಬಿಟ್ಟು ದಿನ ಇಬ್ರೂ ನುಂಗ್ತೀವಿ.”

“ಎಷ್ಟು ದಿನದಿಂದ?”

“ಏಳ್ ವಾರ ಆಯ್ತು.”

ಓರಗಿತ್ತಿಯ ವರದಿ ಕೇಳಿದೆ. ಗೋಡೆಯ ಗೂಡಿನಿಂದ ತೆಗೆದು ಕೊಟ್ಟರು. ಬೇರೆ ಬಗೆಯ ರಕ್ತದ ಕ್ಯಾನ್ಸರ್, ಬೆಂಕಿಯ ವೇಗದ್ದು. ಒಂದು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಎಂದು ಕೈಬರಹದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಕೊನೆಯ ಸಾಲಿನಲ್ಲಿ ಫಿಲಡೆಲ್ಫಿಯಾ, ಅದರ ಮುಂದೆ ‘ನೆಗೆಟಿವ್’.

ಮಂಚದಲ್ಲಿದ್ದವಳು ಮೆಲ್ಲಗೆ ಹೇಳಿದಳು: “ಅಕ್ಕಯ್ಯನ್ ಕಾಗ್ದಾನೂ ನನ್ ಕಾಗ್ದಾನೂ ಪಕ್ಕ ಇಟ್ಕಂಡು ನೋಡ್ದೆ ಮೇಡಂ. ಎಂಟ್ನೇ ಕ್ಲಾಸ್‌ಗಂಟ ಓದಿವ್ನಿ, ಇಂಗ್ಲಿಷ್ ಅಕ್ಷರ ಗೊತ್ತು. ಒಂದೊಂದೇ ಅಕ್ಷರ ಕೂಡ್ಸಿದೆ. ಇಬ್ರುದೂ ಅದೇ ಊರು. ಅಕ್ಕಯ್ಯಂದು ಪಾಸಿಟಿವ್, ನಂದು ನೆಗೆಟಿವ್. ಕರೋನಾದಾಗೆ ನೆಗೆಟಿವ್ ಅಂದ್ರೆ ಒಳ್ಳೇದಲ್ವಾ? ನಂಗೆ ಕಮ್ಮಿ ಐತೆ, ಅರ್ಧದಷ್ಟು ಮಾತ್ರೆ ಸಾಕು ಅಂದ್ಕಂಡ್ವಿ.”

ನಾನು ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಲು ಹೋದೆ. ಸಿಗ್ನಲ್ ಇರಲಿಲ್ಲ. ಹುಣಸೆಮರದ ಹತ್ತಿರ ಬರುತ್ತದೆ ಎಂದು ಅಕ್ಕನ ಮೈದುನ ತೋರಿಸಿದ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, “ಈಗಿಂದೀಗ ಆ್ಯಂಬುಲೆನ್ಸಿಗೆ ಹೇಳಿ, ಬೆಂಗಳೂರಿಗೆ ನಾನು ಮಾತಾಡ್ತೀನಿ,” ಎಂದರು. ಹೇಳಿದೆ. ಬರಲು ಒಂದು ಗಂಟೆಯಾದರೂ ಬೇಕು ಎಂದರು ಆ್ಯಂಬುಲೆನ್ಸಿನವರು.

ಒಳಗೆ ಬಂದರೆ ಓರಗಿತ್ತಿ ಹಟ ಹಿಡಿದಿದ್ದಳು. ಹೋಗುವುದಿಲ್ಲ. ಅಕ್ಕಯ್ಯನ ಹೊಟ್ಟೆ ಇಳಿಯುವುದಕ್ಕೇ ಮೂರು ತಿಂಗಳಾಗಿತ್ತು, ತನಗಿನ್ನೂ ಏಳೇ ವಾರ. ಇನ್ನೊಂದು ತಿಂಗಳು ನೋಡುತ್ತಾಳಂತೆ. ಅಕ್ಕನೂ ನನ್ನ ಮುಖ ನೋಡಿದರು: “ಇನ್ನೊಂದ್ ತಿಂಗ್ಳು ನಂದೂ ಅವ್ಳಿಗೇ ಕೊಟ್ರೆ ಆಗಾಕಿಲ್ವಾ ಮೇಡಮ್ಮ? ನಾನು ಗಟ್ಟಿಯಾಗಿವ್ನಿ.”

ಆ ಒಂದು ಗಂಟೆಯಲ್ಲಿ ನಾನು ತೀರ್ಮಾನ ಮಾಡಬೇಕಿತ್ತು. ‘ಮಾತ್ರೆಯ ಜೊತೆ ಆಸ್ಪತ್ರೆಯ ಚಿಕಿತ್ಸೆಯೂ ಬೇಕು’ ಎಂದು ಅರ್ಧ ಸುಳ್ಳು ಹೇಳಿದರೆ ಅಕ್ಕನ ಮನಸ್ಸು ಉಳಿಯುತ್ತಿತ್ತು. ಆದರೆ ಓರಗಿತ್ತಿ ಏಳುತ್ತಿರಲಿಲ್ಲ. ಅರ್ಧ ಹೇಳಿ ಅರ್ಧ ನುಂಗುವ ನನ್ನ ಚಾಳಿ ಏನು ಮಾಡಿತು ಎಂಬುದು ಮಂಚದ ಮೇಲೇ ಇತ್ತು. ನೆಲದ ಮೇಲೆ ಕೂತು, ಇಬ್ಬರ ವರದಿಯನ್ನೂ ಪಕ್ಕಪಕ್ಕ ಇಟ್ಟೆ.

“ಅಕ್ಕ, ಟೊಮೆಟೊಗೆ ಹುಳ ಬಿದ್ದರೆ ಏನು ಹೊಡೀತೀರಿ?”

“ಹುಳದ್ ಔಷ್ದಿ.”

“ಅಂಗಮಾರಿ ಬಂದು ಎಲೆ ಸುಟ್ಟುಹೋಗ್ತಿರೋವಾಗ ಅದೇ ಹುಳದ ಔಷಧಿ ಹೊಡೆದರೆ?”

“ಏನೂ ಆಗಾಕಿಲ್ಲ. ತ್ವಾಟ ಹೋಗ್ಬುಡ್ತದೆ,” ಎಂದರು. ಎಂದವರು ಅಲ್ಲಿಗೇ ನಿಂತರು.

“ನಿಮ್ಮ ರಕ್ತದಲ್ಲಿ ಈ ಹೆಸರಿನ ಹುಳ ಇದೆ. ಈ ಮಾತ್ರೆ ಅದನ್ನು ಕೊಲ್ಲುತ್ತೆ. ಇವರ ರಕ್ತದಲ್ಲಿ ಆ ಹುಳ ಇಲ್ಲ. ನೆಗೆಟಿವ್ ಅಂದರೆ ಅಷ್ಟೇ. ಕಾಯಿಲೆ ಕಮ್ಮಿ ಅಂತ ಅಲ್ಲ, ಬೇರೆ ಅಂತ. ಈ ಏಳು ವಾರ ನುಂಗಿದ ಒಂದು ಮಾತ್ರೆಯೂ ಇವರಿಗೆ ಕೆಲಸ ಮಾಡಿಲ್ಲ.”

ಎರಡು ನಿಮಿಷ ಹಿಡಿಯಲಿಲ್ಲ ಹೇಳಲು. ಎರಡು ವರ್ಷದ ಹಿಂದೆಯೂ ಅಷ್ಟೇ ಹಿಡಿಯುತ್ತಿತ್ತು. ನನಗೆ ನಾಚಿಕೆಯಾಯಿತು.

ಬೇರೆ ಸೀರೆ ಉಡಿಸಕ್ಕಯ್ಯ, ಹೋಗುವ ಎಂದಳು ಓರಗಿತ್ತಿ. ಅಕ್ಕ ಸೀರೆ ಉಡಿಸಿದರು. ಆ್ಯಂಬುಲೆನ್ಸಿಗೆ ಹತ್ತಿಸುವಾಗ ಓರಗಿತ್ತಿ, “ರಾಗಿಕಲ್ಲು ನೀನೇ ಮಡಿಕ್ಕೊ ಕಣಕ್ಕಯ್ಯ,” ಎಂದು ನಕ್ಕಳು. ಅಕ್ಕ ನಗಲಿಲ್ಲ.

ಹೊಸೂರಿಗೆ ಬಂದ ಮೇಲೆ ಇನ್ನೊಂದು ಕಾಗದ ನನಗಾಗಿ ಕಾದಿತ್ತು. ಮಾತ್ರೆ ತಪ್ಪಿದ್ದಕ್ಕೆ ಕಾರಣ ಬರೆಯುವ ನಮೂನೆ. ‘ರೋಗಿ ಮರೆತರು’ ಎಂದು ಬರೆದರೆ ಅಕ್ಕನ ಹೆಸರು ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆದರೆ ಮುಂದಿನ ಚಿಕಿತ್ಸೆಯ ತೀರ್ಮಾನ ಆ ಸುಳ್ಳಿನ ಮೇಲೆ ಆಗುತ್ತದೆ. ಮುಂದೆ ಯಾರಾದರೂ ವರದಿ ತೆರೆದು ತಪ್ಪು ಮಾತ್ರೆ ಬರೆಯಬಹುದು. ನಿಜ ಬರೆದರೆ ಯೋಜನೆಯವರು ಹೆಸರು ತೆಗೆಯಬಹುದು. ಮಾತ್ರೆ ನಿಂತರೆ ಅಕ್ಕ ವರ್ಷಗಟ್ಟಲೆ ಬದುಕುವುದಿಲ್ಲ. ಒಂದು ದಿನವೆಲ್ಲ ಕಾಗದವನ್ನು ಮುಟ್ಟಲಿಲ್ಲ. ಮಾರನೆಯ ದಿನ ನಡೆದದ್ದನ್ನೆಲ್ಲ ಬರೆದೆ. ಕಾರಣದ ಜಾಗದಲ್ಲಿ, ‘ಪರೀಕ್ಷೆಯಲ್ಲಿನ ಹೆಸರಿನ ಅರ್ಥವನ್ನು ಸಲಹೆಗಾರ್ತಿ ರೋಗಿಗೆ ತಿಳಿಸಿರಲಿಲ್ಲ, ಎಲ್ಲ ರಕ್ತದ ಕ್ಯಾನ್ಸರಿಗೂ ಈ ಮಾತ್ರೆ ಸಾಕು ಎಂದು ರೋಗಿ ನಂಬುವಂತೆ ಮಾಡಿದ್ದರು’ ಎಂದು ಬರೆದು ನನ್ನ ಸಹಿ ಹಾಕಿದೆ.

ಡಾಕ್ಟರು ಓದಿ ಕನ್ನಡಕ ತೆಗೆದರು. “ಇದು ನಿಮಗೇ ಸುತ್ತಿಕೊಳ್ಳುತ್ತೆ.”

“ನಿಜ ತಾನೇ ಸರ್?”

“ನಿಜ. ನಾನೂ ಯಾವತ್ತೂ ಕೇಳಲಿಲ್ಲ, ನೀವು ಏನು ಹೇಳ್ತೀರಿ ಅಂತ.” ಕೆಳಗೆ ಅವರೂ ಸಹಿ ಹಾಕಿದರು.

ಯೋಜನೆಯವರು ಅಕ್ಕನ ಹೆಸರು ತೆಗೆಯಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು. ಅಕ್ಕನಿಗೊಂದು ಷರತ್ತು ಬಂತು: ತಿಂಗಳ ಮಾತ್ರೆ ಒಟ್ಟಿಗೆ ಕೊಡುವಂತಿಲ್ಲ, ವಾರವಾರವೂ ಬಂದು ಏಳೇಳು ಒಯ್ಯಬೇಕು. ಹೊಲ ಬಿಟ್ಟು, ಎರಡು ಬಸ್ಸು ಹಿಡಿದು, ವಾರಕ್ಕೊಂದು ದಿನ. ನನ್ನ ಪ್ರಾಮಾಣಿಕತೆಯ ಭಾರವನ್ನು ಹೆಚ್ಚಾಗಿ ಹೊತ್ತದ್ದು ಅವರೇ.

ಓರಗಿತ್ತಿಗೆ ಬೆಂಗಳೂರಿನಲ್ಲಿ ಹೋದ ದಿನವೇ ಚಿಕಿತ್ಸೆ ಶುರುವಾಗಿತ್ತು. ದಿನ ಬಿಟ್ಟು ದಿನ ನಾನು ಫೋನ್ ಮಾಡಿ ಕೇಳುತ್ತಿದ್ದೆ. ಮೊದಲ ವಾರ ಜ್ವರ, ಎರಡನೆಯ ವಾರ ತುಸು ಚೇತರಿಕೆ, ಗಂಡನ ಹತ್ತಿರ ಅನ್ನ ಸಾರು ಕೇಳಿದಳಂತೆ. ಮೂರನೆಯ ವಾರ ಶ್ವಾಸಕೋಶಕ್ಕೆ ಸೋಂಕು ಹತ್ತಿತು. ಕುಗ್ಗಿಹೋಗಿದ್ದ ಮೈ ತಡೆಯಲಿಲ್ಲ. ಹತ್ತೊಂಬತ್ತನೆಯ ದಿನ ತೀರಿಕೊಂಡಳು.

ಮುಂದಿನ ಗುರುವಾರ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ತೂಕ ನೋಡಿದೆ, ಎರಡು ಕಿಲೋ ಇಳಿದಿದ್ದರು. ರಕ್ತ ತೆಗೆಸಿಕೊಂಡು ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತರು. ಹೊರಗೆ ಸಾಲಿತ್ತು. ನಾನು ಯಾರನ್ನೂ ಕರೆಯಲಿಲ್ಲ.

“ಮೇಡಮ್ಮ, ನಾನು ಮಾತ್ರೆ ಕೊಡ್ದೆ ಇದ್ದಿದ್ರೆ ಅವ್ಳು ಆಸ್ಪತ್ರೆಗೆ ಹೋಗ್ತಿದ್ಲಾ?”

“ಹೋಗ್ತಿದ್ದರು ಅಕ್ಕ.”

“ಉಳೀತಿದ್ಲಾ?”

“ಅದು ಗೊತ್ತಿಲ್ಲ. ಬೇಗ ಹೋದವರಲ್ಲಿ ಕೆಲವರು ಉಳೀತಾರೆ, ಕೆಲವರು ಉಳಿಯೋದಿಲ್ಲ. ಇವರು ಯಾವುದರಲ್ಲಿ ಇರ್ತಿದ್ದರೋ ಯಾರಿಗೂ ಹೇಳೋಕಾಗಲ್ಲ.”

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅತ್ತಿರಲಿಲ್ಲ, ಬಿಸಿಲಲ್ಲಿ ನಡೆದು ಬಂದ ಬೆವರು. ಹೊಸ ಏಳು ಮಾತ್ರೆ ಎಣಿಸಿ ಕೊಟ್ಟೆ. ತೆಗೆದುಕೊಂಡು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನ್ ತಿಳೀದೋಳು, ಕೊಟ್ಬುಟ್ಟೆ. ನೀವು ತಿಳ್ದೋರು. ಕೊಡ್ಬ್ಯಾಡ ಅಂತ ರೂಲ್ಸ್ ಹೇಳುದ್ರಿ, ಯಾಕೆ ಅಂತ ಒಂದಿನಾನೂ ಹೇಳ್ಲಿಲ್ವಲ್ಲ ಮೇಡಮ್ಮ.”

“ಹೇಳಲಿಲ್ಲ ಅಕ್ಕ,” ಎಂದೆ.